ಸೇವೆ ಯಾವಾಗ ಕೈ ಹಿಡಿಯುತ್ತದೆ, ಯಾವಾಗ ಕೆಡವುತ್ತದೆ? ತಿನ್ನುವ ಗೀಳಿನಿಂದ ಹೊರಬರುವವರ ಕನ್ನಡ ಗುಂಪಿಗೆ ವಿವರ ಬೇಕು

ಹೊಂಗೆ_ನೆರಳು
ಓವರ್‌ಈಟರ್ಸ್ ಅನಾನಿಮಸ್ (ತಿನ್ನುವ ಗೀಳಿನಿಂದ ಹೊರಬರುವವರ ಸಂಘ, ಮುಂದೆ ಓಎ ಎನ್ನುತ್ತೇನೆ) ಮಾದರಿಯಲ್ಲಿ ವಾರಕ್ಕೊಂದು ಕನ್ನಡ ಮೀಟಿಂಗ್ ಶುರುವಾಗಲಿದೆ. ಸದ್ಯ ಒಂಬತ್ತು ಜನ. ಆರು ಮಂದಿ ಕರ್ನಾಟಕದಲ್ಲಿ, ಇಬ್ಬರು ನ್ಯೂಜೆರ್ಸಿಯಲ್ಲಿ, ಒಬ್ಬರು ದುಬೈನಲ್ಲಿ. ಗೀಳಿನಿಂದ ಹೊರಬರಲು ಇಂಥ ಗುಂಪುಗಳು ಒಂದೊಂದಾಗಿ ಮಾಡುವ ಹನ್ನೆರಡು ಹೆಜ್ಜೆಗಳ ಬಗ್ಗೆ ಎಲ್ಲರಿಗೂ ತಿಳಿದಿದೆ, ಅದನ್ನು ಮತ್ತೆ ವಿವರಿಸಬೇಕಿಲ್ಲ. ಕೇಳಬೇಕಿರುವುದು ಇಷ್ಟು: ಸೇವೆಯ ಕೆಲಸಗಳನ್ನು ಹೇಗೆ ಹಂಚುವುದು, ಯಾರಿಗೆ ಯಾವಾಗ ಕೊಡುವುದು, ಕೃತಜ್ಞತೆಯ ಪಟ್ಟಿ ಬರೀ ಶಾಸ್ತ್ರವಾಗದಂತೆ ಏನು ಮಾಡುವುದು, ಮೀಟಿಂಗ್ ಇಲ್ಲದ ಆರು ದಿನ ಒಬ್ಬರಿಗೊಬ್ಬರು ಆಸರೆಯಾಗುವುದು ಹೇಗೆ. ಎಲ್ಲಿ ಎಡವುತ್ತಾರೆ ಎಂಬುದನ್ನೂ ಬಲ್ಲವರು ಬರೆಯಿರಿ.

ಕಾಲುದಾರಿ
ಸೇವೆ ಯಾಕೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿದ್ದರೆ ಹಂಚುವುದು ಸುಲಭ. 1935ರ ಮೇ ತಿಂಗಳಲ್ಲಿ ಅಮೆರಿಕದ ಏಕ್ರನ್ ಊರಿನ ಒಂದು ಹೋಟೆಲಿನಲ್ಲಿ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಡಬ್ಲ್ಯೂ. ಮತ್ತೆ ಕುಡಿಯುವ ಆಸೆಗೆ ಸಿಕ್ಕಿ ನಿಂತಿದ್ದಾಗ ಮಾಡಿದ್ದು ಫೋನ್ ಕರೆ. ಅವರು ಹುಡುಕಿದ್ದು ತನಗೆ ಬುದ್ಧಿ ಹೇಳುವವರನ್ನಲ್ಲ, ತಾನು ಮಾತಾಡಿಸಬಹುದಾದ ಇನ್ನೊಬ್ಬ ಕುಡುಕನನ್ನು. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಅವರು ಎಷ್ಟೋ ಜನರ ಕುಡಿತ ಬಿಡಿಸಲು ಓಡಾಡಿದ್ದರು. ಒಬ್ಬರೂ ಬಿಟ್ಟಿರಲಿಲ್ಲ, ಆದರೆ ಅವರು ಮಾತ್ರ ಕುಡಿಯದೆ ಉಳಿದಿದ್ದರು. ಕುಡಿತ ಬಿಡುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಅಲ್ಲಿಂದ. 1960ರ ಜನವರಿ 19ರಂದು ಲಾಸ್ ಏಂಜಲೀಸ್‌ನಲ್ಲಿ ಮೂವರು ಹೆಂಗಸರು ಸೇರಿ ಅದೇ ದಾರಿಯನ್ನು ತಿನ್ನುವ ಗೀಳಿಗೆ ಅನ್ವಯಿಸಿದರು. ಅದು ಓಎ. ಸಹಾಯ ಮಾಡುವವನಿಗೇ ಹೆಚ್ಚು ಲಾಭ ಎಂಬ ಈ ಸಂಗತಿಗೆ 1965ರಲ್ಲಿ ಫ್ರಾಂಕ್ ರೀಸ್‌ಮನ್ ಎಂಬ ಸಮಾಜ ವಿಜ್ಞಾನಿ ಶಾಸ್ತ್ರೀಯವಾಗಿ ಒಂದು ಹೆಸರನ್ನೂ ಕೊಟ್ಟರು.

ಹಾಗಾಗಿ ಕೆಲಸ ಹಂಚುವಾಗ ‘ಯಾರು ಚೆನ್ನಾಗಿ ಮಾಡುತ್ತಾರೆ’ ಎಂದು ಕೇಳಬೇಡಿ, ‘ಯಾರಿಗೆ ಇದರಿಂದ ಕಾಲೂರಲು ಜಾಗ ಸಿಗುತ್ತದೆ’ ಎಂದು ಕೇಳಿ. ಒಂಬತ್ತು ಜನರ ಗುಂಪಿಗೆ ಆರು ಕೆಲಸ ಸಾಕು. ಮೀಟಿಂಗ್ ಬಾಗಿಲು ತೆರೆಯುವವರು, ಆ ವಾರದ ಮೀಟಿಂಗ್ ನಡೆಸುವವರು, ಸಮಯ ನೋಡುವವರು, ಹೊಸಬರನ್ನು ಮಾತಾಡಿಸುವವರು, ಫೋನ್ ಪಟ್ಟಿ ಇಟ್ಟುಕೊಳ್ಳುವವರು, ಹಣ ನೋಡಿಕೊಳ್ಳುವವರು. ಒಬ್ಬರಿಗೆ ಒಂದೇ ಕೆಲಸ. ಅವಧಿ ಆರು ತಿಂಗಳು, ಮುಗಿದ ದಿನ ಬಿಟ್ಟುಕೊಡಬೇಕು. ನಡೆಸುವವರನ್ನು ಮಾತ್ರ ಪ್ರತಿ ವಾರ ಬದಲಿಸಿ.

ಕೆಡುವುದು ಹೀಗೆ: ಚುರುಕಾದ ಒಬ್ಬರು ಮೂರ್ನಾಲ್ಕು ಕೆಲಸ ಹೊತ್ತುಕೊಳ್ಳುತ್ತಾರೆ, ಉಳಿದವರು ಸಂತೋಷದಿಂದ ಬಿಟ್ಟುಕೊಡುತ್ತಾರೆ. ಐದಾರು ತಿಂಗಳಲ್ಲಿ ಆ ವ್ಯಕ್ತಿ ಮೀಟಿಂಗಿನಲ್ಲಿ ತನ್ನ ಕಷ್ಟ ಹೇಳಿಕೊಳ್ಳುವುದನ್ನೇ ನಿಲ್ಲಿಸುತ್ತಾರೆ, ಏಕೆಂದರೆ ಎಲ್ಲರಿಗೂ ಅವರೇ ಆಧಾರ. ಮತ್ತೆ ಗುಟ್ಟಾಗಿ ತಿನ್ನುವುದು ಶುರುವಾಗುವುದೇ ಆಗ. ಯಾರಾದರೂ ತನ್ನ ಬಗ್ಗೆ ಮಾತಾಡದೆ ಬರೀ ಗುಂಪಿನ ಬಗ್ಗೆ ಮಾತಾಡತೊಡಗಿದರೆ ಅದನ್ನು ಎಚ್ಚರಿಕೆಯ ಗಂಟೆ ಎಂದೇ ತಿಳಿಯಿರಿ.

ದೀಪದ_ಬತ್ತಿ
ಕಾಲುದಾರಿ ಹೇಳಿದ್ದೆಲ್ಲ ಸರಿ. ನಮ್ಮ ಕಡೆಯ ಒಂದು ತೊಡಕು ಅದರಲ್ಲಿ ಬಂದಿಲ್ಲ. ನಮ್ಮಲ್ಲಿ ಸೇವೆ ಎಂದರೆ ಬಹುಪಾಲು ಅನ್ನ. ದಾಸೋಹ, ಅನ್ನಸಂತರ್ಪಣೆ, ಮದುವೆ ಮನೆಯಲ್ಲಿ ಬಡಿಸುವುದು, ಗಣೇಶೋತ್ಸವದ ಪ್ರಸಾದ. ‘ಸೇವೆ ಮಾಡು’ ಎಂದು ಹೊಸಬರಿಗೆ ಹೇಳಿದರೆ ಅವರು ನೇರವಾಗಿ ಅಡುಗೆಮನೆಗೆ ಹೋಗಿ ನಿಲ್ಲುತ್ತಾರೆ. ಗೀಳು ಇರುವವರಿಗೆ ಮೊದಲ ಎರಡು ಮೂರು ತಿಂಗಳು ಅದು ತಪ್ಪು ಜಾಗ. ರುಚಿ ನೋಡುವುದು, ಉಳಿದದ್ದನ್ನು ಡಬ್ಬಿಗೆ ತುಂಬುವುದು, ಎಲ್ಲರದೂ ಮುಗಿದ ಮೇಲೆ ಸಂಜೆ ನಾಲ್ಕಕ್ಕೆ ಊಟಕ್ಕೆ ಕೂರುವುದು, ಈ ಮೂರೂ ಗೀಳಿಗೆ ಬಾಗಿಲು.

ಸೇವೆಯ ಮನಸ್ಸು ಬೇಕು, ಪಾತ್ರೆಯಿಂದ ದೂರವೂ ಇರಬೇಕು ಎಂದಾದರೆ ಜಾತ್ರೆ, ಮದುವೆ, ಮಠಗಳಲ್ಲಿ ಬೇರೆ ಕೆಲಸ ಬೇಕಾದಷ್ಟಿದೆ. ಚಪ್ಪಲಿ ಕಾಯುವುದು, ಹಿರಿಯರನ್ನು ಕೈಹಿಡಿದು ಕೂರಿಸುವುದು, ಎಲೆ ಹಾಕುವುದು, ನೀರು ಕೊಡುವುದು, ವಾಹನ ನಿಲ್ಲಿಸುವ ಜಾಗ ನೋಡಿಕೊಳ್ಳುವುದು, ಬಂದವರ ಪಟ್ಟಿ ಬರೆಯುವುದು. ‘ಬಡಿಸೋಕೆ ಬಾ’ ಎಂದು ಕರೆದರೆ ‘ನಾನು ನೀರು ನೋಡ್ಕೋತೀನಿ’ ಅಂದರೆ ಸಾಕು, ಕಾರಣ ಹೇಳಬೇಕಿಲ್ಲ. ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಬೇಕು. ಕೊನೆಯ ಪಂಕ್ತಿಗೆ ಉಳಿಯುವುದು ದೊಡ್ಡತನ ಎಂದು ನಮಗೆ ಕಲಿಸಿದ್ದಾರೆ, ಆದರೆ ಈ ಕಾಯಿಲೆಗೆ ಅದು ಹೊಂದುವುದಿಲ್ಲ.

ತುಂಗೆ_ತಟ
ದೀಪದ_ಬತ್ತಿ ಅವರ ಮಾತನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಮನೆಯಲ್ಲಿ ಬೆಳಗ್ಗೆ ಐದೂವರೆಯಿಂದ ಎಲ್ಲರಿಗೂ ಮಾಡಿ ಬಡಿಸಿ, ಮಕ್ಕಳ ತಟ್ಟೆಯಲ್ಲಿ ಮಿಕ್ಕಿದ್ದನ್ನು ಬಿಸಾಡಲಾಗದೆ ತಿಂದು, ತನ್ನ ಪಾಲನ್ನು ಮೂರು ಗಂಟೆಗೆ ಒಲೆಯ ಪಕ್ಕ ನಿಂತೇ ಮುಗಿಸುವ ಹೆಂಗಸಿಗೆ ‘ನಿಸ್ವಾರ್ಥ ಸೇವೆ ಮಾಡಿ, ಗುಣವಾಗುತ್ತೀರಿ’ ಎಂದರೆ ಅದು ಔಷಧಿಯಲ್ಲ, ಅದೇ ಕಾಯಿಲೆಯ ಇನ್ನೊಂದು ಡೋಸ್. ಹನ್ನೆರಡು ಹೆಜ್ಜೆಯ ಭಾಷೆಯಲ್ಲಿ ಸೇವೆಯನ್ನು ಸ್ವಾರ್ಥಕ್ಕೆ ಮದ್ದು ಎಂದು ಹೇಳುವುದು ಹೆಚ್ಚು. ತನಗೆಂದು ಏನನ್ನೂ ಕೇಳಿ ಅಭ್ಯಾಸವೇ ಇಲ್ಲದವರಿಗೆ ಆ ಮದ್ದು ತಿರುಗಿ ಬೀಳುತ್ತದೆ.

ಇಂಥವರಿಗೆ ಮೊದಲ ಮೂರು ತಿಂಗಳು ಗುಂಪು ಕೊಡಬೇಕಾದ ಕೆಲಸ ಒಂದೇ, ಇನ್ನೊಬ್ಬರಿಂದ ಸಹಾಯ ಪಡೆಯುವುದು. ವಾರಕ್ಕೆ ಮೂರು ಸಲ ತಾನಾಗಿ ಫೋನ್ ಮಾಡಿ ‘ಇವತ್ತು ನನಗೆ ಹತ್ತು ನಿಮಿಷ ಬೇಕು’ ಎಂದು ಕೇಳುವುದು. ಮಧ್ಯಾಹ್ನ ಒಂದೂವರೆಯ ಒಳಗೆ ಕುಳಿತು ಉಂಡೆ ಎಂದು ಒಂದು ಸಂದೇಶ ಕಳಿಸುವುದು. ಮಿಕ್ಕಿದ್ದನ್ನು ಹಸುವಿಗೋ ಗೊಬ್ಬರದ ಗುಂಡಿಗೋ ಹಾಕುವುದು. ಕೇಳಿಸಿಕೊಳ್ಳುವವರಿಗೆ ಇದರಿಂದ ಸೇವೆಯ ಅವಕಾಶ ಸಿಗುತ್ತದೆ ಎಂದು ತಿಳಿಸಿ ಹೇಳಿ. ‘ಇನ್ನೊಬ್ಬರಿಗೆ ತೊಂದರೆ ಕೊಡುತ್ತಿದ್ದೇನೆ’ ಎಂಬ ಹಿಂಜರಿಕೆ ಆಗ ತುಸು ಸಡಿಲವಾಗುತ್ತದೆ.

ಹೊಂಗೆ_ನೆರಳು
ಇದು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಒಂಬತ್ತರಲ್ಲಿ ಏಳು ಜನ ಹೆಂಗಸರು. ಹಾಗಾದರೆ ಕೆಲಸ ತೆಗೆದುಕೊಳ್ಳಲು ಇಷ್ಟು ದಿನ ಗೀಳಿಲ್ಲದೆ ಇರಬೇಕು ಎಂಬ ನಿಯಮ ಬೇಕೇ? ಕೆಲವು ಗುಂಪುಗಳಲ್ಲಿ ಮೂವತ್ತು ದಿನ ಎನ್ನುತ್ತಾರೆ.

ಬೆಳಗಿನ_ಚಳಿ
ನಿಯಮ ಬೇಡ. ಮೊದಲ ದಿನ ಬಂದವರಿಗೂ ಕೆಲಸ ಕೊಡಿ. ಕೆಲಸ ಇದ್ದವರು ಮುಂದಿನ ವಾರ ಬರುತ್ತಾರೆ, ಅಷ್ಟೇ ಲೆಕ್ಕ.

ಕಾಲುದಾರಿ
ಪೂರ್ತಿ ಒಪ್ಪಲಾರೆ. ಸಮಯ ನೋಡುವುದು, ಬಾಗಿಲು ತೆರೆಯುವುದು, ಓದಬೇಕಾದ್ದನ್ನು ಓದುವುದು, ಇವಕ್ಕೆ ಯಾವ ಷರತ್ತೂ ಬೇಡ, ಮೊದಲ ದಿನವೇ ಕೊಡಿ. ಆದರೆ ಹತ್ತು ಹನ್ನೆರಡು ನಿಮಿಷ ಕುಳಿತು ‘ಹೀಗೆ ಮಾಡಿದರೆ ಹೊರಬರಬಹುದು’ ಎಂದು ಮಾತಾಡುವವರಿಗೆ, ಹಾಗೆಯೇ ಸ್ಪಾನ್ಸರ್ (ಹೊಸಬರಿಗೆ ಜೊತೆಯಾಗಿ ದಾರಿ ತೋರುವ ಸದಸ್ಯರು) ಆಗುವವರಿಗೆ ಮೂವತ್ತು ದಿನವಾದರೂ ಇರಲಿ. ಇದು ಗೌರವದ ವಿಚಾರ ಅಲ್ಲ. ತನ್ನ ಕಾಲೇ ನಡುಗುತ್ತಿರುವಾಗ ಇನ್ನೊಬ್ಬರ ಭಾರ ಹೊತ್ತರೆ ಇಬ್ಬರೂ ಬೀಳುತ್ತಾರೆ. ಬಿದ್ದ ಮೇಲೆ ಸ್ಪಾನ್ಸರ್ ಅದನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದು ಗುಂಪಿಡೀ ಹರಡುತ್ತದೆ.

ಬೆಳಗಿನ_ಚಳಿ
ಹಾಗೆ ಎರಡು ಬಗೆ ಮಾಡಿದರೆ ಒಪ್ಪುತ್ತೇನೆ. ಮೀಟಿಂಗಿನಲ್ಲಿ ಅದನ್ನು ಓದಿ ಹೇಳುವಾಗ ‘ಅರ್ಹತೆ’ ಎಂಬ ಪದ ಮಾತ್ರ ಬೇಡ.

ತಕ್ಕಡಿ_ಬೇಡ
ಆಹಾರ ತಜ್ಞೆಯಾಗಿ ಕೆಲಸ ಮಾಡುವುದರಿಂದ ಎರಡು ವಿಷಯ.

ಒಂದು, ಪದದ್ದು. ಅಬ್ಸ್ಟಿನೆನ್ಸ್, ಅಂದರೆ ಗೀಳಿನಿಂದ ತಿನ್ನದೆ ಇರುವುದು, ಅದನ್ನು ನಿಮ್ಮ ಮೀಟಿಂಗಿನಲ್ಲಿ ಏನೆಂದು ಕರೆಯುತ್ತೀರಿ ಎಂಬುದರ ಮೇಲೆ ಬಹಳ ನಿಂತಿದೆ. ‘ಉಪವಾಸ’ ಎನ್ನಲೇಬೇಡಿ. ‘ಪಥ್ಯ’ ಎಂದರೆ ಕಾಯಿಲೆ ವಾಸಿಯಾಗುವವರೆಗೆ ಎಂಬ ಅರ್ಥ ಬರುತ್ತದೆ. ‘ವ್ರತ’ ಎಲ್ಲಕ್ಕಿಂತ ಅಪಾಯ, ಏಕೆಂದರೆ ವ್ರತಕ್ಕೆ ಭಂಗ ಉಂಟು. ಒಂದು ತುಂಡು ಹೆಚ್ಚು ತಿಂದ ಕೂಡಲೇ ‘ಹೇಗೂ ಕೆಟ್ಟಿತು, ಸೋಮವಾರದಿಂದ ನೋಡೋಣ’ ಎಂದು ಆ ದಿನವಿಡೀ ತಿನ್ನುವುದು ಆ ಪದದ ಒಳಗೇ ಕುಳಿತಿದೆ. ಕುಡಿತವನ್ನು ಪೂರ್ತಿ ಬಿಡಬಹುದು, ಊಟವನ್ನು ಬಿಡಲಾಗದು. ದಿನಕ್ಕೆ ಮೂರು ನಾಲ್ಕು ಸಲ ಹುಲಿಯನ್ನು ಪಂಜರದಿಂದ ಬಿಟ್ಟು, ಅಡ್ಡಾಡಿಸಿ, ಮತ್ತೆ ಒಳಗೆ ಕಟ್ಟಬೇಕು. ‘ಹದ’ ಎಂಬ ಪದ ನನಗೆ ಹಿತ. ‘ಇವತ್ತು ಹದದಲ್ಲಿದ್ದೇನೆ’, ‘ಹದ ತಪ್ಪಿತು, ಮುಂದಿನ ಊಟಕ್ಕೆ ಹದಕ್ಕೆ ಬರುತ್ತೇನೆ’. ಹದ ತಪ್ಪಿದ್ದನ್ನು ಸರಿಮಾಡಬಹುದು ಎಂಬುದು ಅಡುಗೆ ಬಲ್ಲ ಎಲ್ಲರಿಗೂ ಗೊತ್ತು.

ಎರಡನೆಯದು ಅಂತರ. ಎರಡು ಊಟಗಳ ನಡುವೆ ಎಚ್ಚರವಿರುವ ಹೊತ್ತಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಬಿಡಬಾರದು. ಮೂರು ಊಟ, ಎರಡು ಸಣ್ಣ ತಿಂಡಿ, ಹೊತ್ತು ನಿಗದಿ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ ಹತ್ತಿತು. ಪ್ರಯೋಗ ಮುಗಿದ ಮೇಲೆ ಹಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಅವರಲ್ಲಿ ಯಾರಿಗೂ ಮೊದಲು ಗೀಳಿರಲಿಲ್ಲ. ಹಾಗಾಗಿ ರಾತ್ರಿ ಹತ್ತಕ್ಕೆ ಬರುವ ಕರೆಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಏನು ಬೇಜಾರು?’ ಅಲ್ಲ. ‘ಮಧ್ಯಾಹ್ನ ಎಷ್ಟು ಹೊತ್ತಿಗೆ ಉಂಡಿರಿ?’

ಊಟದ ಯೋಜನೆ ಕೊಡುವುದು ಸ್ಪಾನ್ಸರ್ ಕೆಲಸವಲ್ಲ. ಓಎ ಕೂಡ ಯಾವ ಡಯಟನ್ನೂ ಹೇಳುವುದಿಲ್ಲ. ತಿಂದು ವಾಂತಿ ಮಾಡುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಊಟವನ್ನೇ ಬಿಟ್ಟು ಸೊರಗಿದವರು ಮೊದಲು ವೈದ್ಯರ ಹತ್ತಿರ ಹೋಗಬೇಕು. ಪದೇ ಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು. ಬಿಂಜ್ ಈಟಿಂಗ್ ಡಿಸಾರ್ಡರ್ (ತಡೆಯಲಾಗದೆ ಒಮ್ಮೆಲೇ ಅತಿಯಾಗಿ ತಿನ್ನುವುದು) ಎಂಬುದು 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆ. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಔಷಧಿಯೂ ಇದೆ. ಗುಂಪು ಮತ್ತು ಚಿಕಿತ್ಸೆ ಒಟ್ಟಿಗೆ ನಡೆಯಬಹುದು. ಫೋನ್ ಪಟ್ಟಿಯ ತಲೆಯಲ್ಲೇ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದಿಡಿ. ಹಗಲೂ ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ಯಾರಾದರೂ ‘ಬದುಕುವುದೇ ಬೇಡ’ ಎಂದರೆ ಅದು ಸದಸ್ಯರೊಬ್ಬರೇ ಹೊರುವ ಭಾರವಲ್ಲ.

ಹೊಂಗೆ_ನೆರಳು
‘ಹದ’ ತೆಗೆದುಕೊಂಡೆವು. ಕೃತಜ್ಞತೆ ಪಟ್ಟಿಯ ಬಗ್ಗೆ? ಕೆಲವರು ದಿನಾ ಹತ್ತು ಬರೆಯಿರಿ ಎನ್ನುತ್ತಾರೆ.

ದೀಪದ_ಬತ್ತಿ
ಹತ್ತು ಬೇಡ. ಹತ್ತು ಎಂದರೆ ನಾಲ್ಕನೇ ದಿನಕ್ಕೆ ‘ಮನೆ, ಮಕ್ಕಳು, ಆರೋಗ್ಯ, ದೇವರು’ ಎಂದು ಅಷ್ಟೋತ್ತರದ ಹಾಗೆ ಓಡುತ್ತದೆ. 2003ರಲ್ಲಿ ಎಮನ್ಸ್ ಮತ್ತು ಮೆಕಲಾ ಪ್ರಕಟಿಸಿದ, ಇವತ್ತಿಗೂ ಎಲ್ಲರೂ ಉದಾಹರಿಸುವ ಅಧ್ಯಯನದ ಮೊದಲ ಭಾಗದಲ್ಲಿ ಬರೆಸಿದ್ದು ವಾರಕ್ಕೊಮ್ಮೆ, ಹೆಚ್ಚೆಂದರೆ ಐದು, ಹತ್ತು ವಾರ. ದಿನಾ ಬರೆಯುವುದಾದರೆ ರಾತ್ರಿ ಮೂರು ಸಾಕು. ಪ್ರತಿಯೊಂದರಲ್ಲೂ ಮೂರು ಅಂಶ ಇರಲಿ: ಯಾರು, ಏನು ಮಾಡಿದರು, ಅದಕ್ಕೆ ಅವರಿಗೆ ಏನು ಖರ್ಚಾಯಿತು. ‘ಅಕ್ಕನಿಗೆ ಕೃತಜ್ಞತೆ’ ಎಂದು ಬರೆದರೆ ಏನೂ ಆಗುವುದಿಲ್ಲ. ‘ಅಕ್ಕ ಬಸ್ಸಿನಲ್ಲಿ ನಿಂತುಕೊಂಡೇ ನನ್ನ ಕರೆ ತೆಗೆದು ಎಂಟು ನಿಮಿಷ ಕೇಳಿದಳು’ ಎಂದು ಬರೆದರೆ ಮನಸ್ಸು ಆ ಎಂಟು ನಿಮಿಷಕ್ಕೆ ಮರಳುತ್ತದೆ. ಒಂಟಿತನ ಸುಳ್ಳು ಎಂಬುದಕ್ಕೆ ಬರಹದ ಸಾಕ್ಷಿ ಅದು. ರಾತ್ರಿ ಫ್ರಿಜ್ ಬಾಗಿಲ ಮುಂದೆ ನಿಂತಾಗ ಓದಬೇಕಾದದ್ದು ಈ ಸಾಕ್ಷಿಯನ್ನೇ, ಹಾಗಾಗಿ ಕಾಗದದಲ್ಲಿ ಬರೆದು ಅಡುಗೆಮನೆಯಲ್ಲೇ ಇಡಿ.

ತಪ್ಪುವುದು ಎರಡು ಕಡೆ. ‘ಊಟಕ್ಕೂ ಇಲ್ಲದವರು ಎಷ್ಟೋ ಜನ, ನನಗೇನು ಕಮ್ಮಿ’ ಎಂದು ಬರೆಯುವುದು ಕೃತಜ್ಞತೆಯಲ್ಲ, ತನ್ನನ್ನು ತಾನೇ ಬೈದುಕೊಳ್ಳುವುದು. ನಾಚಿಕೆಯಿಂದ ಶುರುವಾದದ್ದು ತಟ್ಟೆಯಲ್ಲಿ ಮುಗಿಯುತ್ತದೆ. ಇನ್ನೊಂದು, ಸಿಟ್ಟನ್ನು ಮುಚ್ಚಲು ಬಳಸುವುದು. ಅತ್ತೆಯ ಮೇಲೆ ಉರಿಯುವ ಸಿಟ್ಟಿದ್ದ ದಿನ ಅತ್ತೆಯ ಹೆಸರಲ್ಲೇ ಕೃತಜ್ಞತೆ ಬರೆಯಲು ಕೂರಬೇಡಿ. ಆ ದಿನದ್ದು ನಾಲ್ಕನೇ ಮತ್ತು ಐದನೇ ಹೆಜ್ಜೆಯ ಕೆಲಸ, ಸಿಟ್ಟನ್ನು ಸಿಟ್ಟೆಂದೇ ಬರೆದು ಸ್ಪಾನ್ಸರ್‌ಗೆ ಓದಿ ಹೇಳುವುದು.

ತುಂಗೆ_ತಟ
ಇಲ್ಲಿ ಋಣ ಎಂಬುದನ್ನೂ ಬೇರ್ಪಡಿಸಬೇಕು. ನಮ್ಮ ಮಾತಿನಲ್ಲಿ ಕೃತಜ್ಞತೆಯೂ ಋಣವೂ ಒಂದೇ ಉಸಿರಿನಲ್ಲಿ ಬರುತ್ತವೆ. ‘ನಿಮ್ಮ ಋಣ ಹೇಗೆ ತೀರಿಸಲಿ’ ಎನ್ನುವ ಸದಸ್ಯರು ಸ್ಪಾನ್ಸರ್‌ಗೆ ಹೋಳಿಗೆ ಕಳಿಸುತ್ತಾರೆ, ಅವರ ಮನೆ ಕೆಲಸ ಮಾಡಿಕೊಡುತ್ತಾರೆ, ಹದ ತಪ್ಪಿದಾಗ ‘ಇಷ್ಟು ಮಾಡಿದವರಿಗೆ ಹೇಗೆ ಮುಖ ತೋರಿಸಲಿ’ ಎಂದು ಕರೆ ಮಾಡುವುದನ್ನೇ ಬಿಡುತ್ತಾರೆ. ಹನ್ನೆರಡು ಹೆಜ್ಜೆಯ ಲೆಕ್ಕದಲ್ಲಿ ಕೊಟ್ಟವರಿಗೆ ತಿರುಗಿ ಕೊಡುವುದಿಲ್ಲ. ಮುಂದೆ ಬರುವ ಹೊಸಬರಿಗೆ ಕೊಡುವುದು. ಹನ್ನೆರಡನೇ ಹೆಜ್ಜೆ ಹೇಳುವುದೂ ಅದನ್ನೇ. ಸ್ಪಾನ್ಸರ್ ಆಗುವವರು ಮೊದಲ ದಿನವೇ ಇದನ್ನು ಬಾಯಿಬಿಟ್ಟು ಹೇಳಲಿ: ಉಡುಗೊರೆ ಬೇಡ, ಹಣದ ವ್ಯವಹಾರ ಬೇಡ, ತಪ್ಪಿದ ದಿನವೇ ಮೊದಲು ಕರೆ ಮಾಡಿ.

ಊಟ ಬಡಿಸಿದವರಿಗೆ ಕೃತಜ್ಞತೆ ತೋರಿಸುವುದೂ ಹೀಗೇ. ನಮ್ಮಲ್ಲಿ ಉಪಚಾರ ಎಂದರೆ ಬೇಡ ಎಂದ ಮೇಲೂ ಇನ್ನೊಂದು ಹಾಕುವುದು, ಎಲೆಯಲ್ಲಿ ಬಿಟ್ಟರೆ ಪಾಪ. ಹಾಗಾಗಿ ಎಲೆಗೆ ಬೀಳುವ ಮೊದಲೇ ತಡೆಯಬೇಕು. ಬಡಿಸುವವರು ಎರಡು ಹೆಜ್ಜೆ ದೂರದಲ್ಲಿರುವಾಗಲೇ ಎಲೆಯ ಮೇಲೆ ಎರಡೂ ಅಂಗೈ ಅಡ್ಡ ಹಿಡಿದು ‘ಸೊಗಸಾಗಿದೆ, ಇಷ್ಟು ಸಾಕು’ ಎನ್ನಿ. ‘ಡಯಟ್’ ಎಂದರೆ ವಾದ ಹುಟ್ಟುತ್ತದೆ, ‘ಶುಗರ್’ ಎಂದು ಸುಳ್ಳು ಹೇಳಿದರೆ ಮುಂದೆ ನೆನಪಿಟ್ಟುಕೊಳ್ಳಬೇಕು. ಊಟ ಮುಗಿದ ಮೇಲೆ ಅಡುಗೆಯವರ ಹತ್ತಿರ ಹೋಗಿ ಒಂದು ಪದಾರ್ಥದ ಹೆಸರು ಹಿಡಿದು ಹೊಗಳಿ ಬನ್ನಿ. ಎರಡನೇ ಸಲ ಹಾಕಿಸಿಕೊಳ್ಳುವುದಕ್ಕಿಂತ ಅದು ಅವರಿಗೆ ಹೆಚ್ಚು ಹಿತ.

ಬೆಳಗಿನ_ಚಳಿ
ಫೋನಿನ ಬಗ್ಗೆ. ಆರು ದಿನ ಆಸರೆಯಾಗುವುದು ಫೋನೇ. ಕರೆ ಮಾಡಬೇಕಾದದ್ದು ತಿನ್ನುವ ಮೊದಲು, ಎಲ್ಲರೂ ಮಾಡುವುದು ತಿಂದ ಮೇಲೆ. ಕಾರಣ ಸರಳ, ಆಸೆ ಉಕ್ಕಿ ಬಂದಾಗ ಹೊಸ ನಂಬರಿಗೆ ಕೈ ಹೋಗುವುದಿಲ್ಲ. ಆದ್ದರಿಂದ ಏನೂ ತೊಂದರೆ ಇಲ್ಲದ ದಿನಗಳಲ್ಲೇ ದಿನಕ್ಕೊಂದು ಕರೆ, ಐದರಿಂದ ಹತ್ತು ನಿಮಿಷ, ಬೇರೆ ಬೇರೆಯವರಿಗೆ. ಮೂರು ವಾರದಲ್ಲಿ ಕೈಗೆ ರೂಢಿಯಾಗುತ್ತದೆ.

ಮದುವೆ, ಸೀಮಂತ, ಹಬ್ಬಕ್ಕೆ ಆಚೆ ಈಚೆ ಎರಡು ಕರೆ. ಹೊರಡುವ ಮೊದಲು: ಎಷ್ಟು ಹೊತ್ತಿಗೆ ಊಟ, ಏನೇನು ಹಾಕಿಸಿಕೊಳ್ಳುತ್ತೇನೆ, ಎಷ್ಟು ಹೊತ್ತಿಗೆ ಹೊರಡುತ್ತೇನೆ. ವಾಪಸು ಬಂದು ಅರ್ಧ ಗಂಟೆಯೊಳಗೆ: ಏನಾಯಿತು. ಎರಡನೇ ಕರೆಯನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಛತ್ರದಲ್ಲಿ ಬಿಗಿಹಿಡಿದದ್ದು ಬಿಚ್ಚಿಕೊಳ್ಳುವುದು ಮನೆಗೆ ಬಂದ ಮೇಲೆ, ತಾಂಬೂಲದ ಚೀಲ ಬಿಚ್ಚುವಾಗ. ಆ ಚೀಲದಲ್ಲಿ ತಿನ್ನುವುದಿದ್ದರೆ ದಾರಿಯಲ್ಲೇ ಯಾರಿಗಾದರೂ ಕೊಟ್ಟುಬಿಡಿ.

ಕೇಳಿಸಿಕೊಳ್ಳುವವರು ಮಾಡಬೇಕಾದದ್ದು ಕಡಿಮೆ. ಹಸಿವೇ, ಸಿಟ್ಟೇ, ಒಂಟಿತನವೇ, ದಣಿವೇ ಎಂದು ಕೇಳಿ. ಹಸಿವಾದರೆ ಕೂತು ಉಣ್ಣಲು ಹೇಳಿ, ದಣಿವಾದರೆ ಮಲಗಲು. ಉಳಿದೆರಡಕ್ಕೆ ಕೇಳುವುದೇ ಕೆಲಸ. ಮುಗಿಸುವಾಗ ‘ಮುಂದಿನ ಒಂದು ಗಂಟೆ ಏನು ಮಾಡುತ್ತೀರಿ?’ ಎಂದು ಕೇಳಿ ಉತ್ತರ ಬಂದ ಮೇಲೆ ಇಡಿ. ತೂಕ ಎಷ್ಟಾಯಿತು ಎಂದು ಎಂದೂ ಕೇಳಬೇಡಿ. ರಾತ್ರಿ ಹತ್ತೂವರೆಯ ನಂತರ ಕರೆ ತೆಗೆಯುವವರು, ತೆಗೆಯದವರು ಯಾರು ಎಂದು ಪಟ್ಟಿಯಲ್ಲೇ ಗುರುತಿಸಿ. ತೆಗೆಯದಿರುವುದೂ ಒಬ್ಬರ ಹಕ್ಕು.

ಹಡ್ಸನ್_ಆಚೆ
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ, ಯಂತ್ರದ ಕಡೆಯ ವಿಚಾರ ಮಾತ್ರ. ಭಾರತದಲ್ಲಿ ರಾತ್ರಿ ಎಂಟಕ್ಕೆ ಇಡಬೇಡಿ. ಒಂಬತ್ತಕ್ಕೆ ಮುಗಿದು, ಊಟಕ್ಕೆ ಕೂರುವಾಗ ಒಂಬತ್ತೂವರೆ, ತಕ್ಕಡಿ_ಬೇಡ ಹೇಳಿದ ನಾಲ್ಕು ಗಂಟೆ ದಾಟಿರುತ್ತದೆ. ಭಾನುವಾರ ಸಂಜೆ ಏಳು ಒಳ್ಳೆಯದು: ದುಬೈನಲ್ಲಿ ಐದೂವರೆ, ಇಲ್ಲಿ ಬೆಳಗ್ಗೆ ಒಂಬತ್ತೂವರೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಈ ಹೊತ್ತು, ಆಮೇಲೆ ಎಂಟೂವರೆ.

ಜೂಮ್ ಉಚಿತ ಖಾತೆ ನಲವತ್ತು ನಿಮಿಷಕ್ಕೆ ಕಡಿಯುತ್ತದೆ, ಅದೂ ಯಾರಾದರೂ ಅಳುತ್ತಾ ಮಾತಾಡುವಾಗಲೇ ಕಡಿದರೆ ಬಹಳ ನೋವು. ಗೂಗಲ್ ಮೀಟ್ ಅರವತ್ತು ನಿಮಿಷ ಕೊಡುತ್ತದೆ, ಆದರೆ ಅಲ್ಲಿ ಖಾತೆಯ ಪೂರ್ಣ ಹೆಸರು ಕಾಣುತ್ತದೆ. ಅನಾಮಿಕತೆ ಮುಖ್ಯವಾದ್ದರಿಂದ ಜೂಮ್‌ಗೆ ಹಣ ಕಟ್ಟಿ. ರೆಕಾರ್ಡಿಂಗ್ ಆಯ್ಕೆಯನ್ನೇ ಮುಚ್ಚಿಡಿ. ವಾಟ್ಸಾಪ್ ಗುಂಪು ಮಾಡಿದರೆ ಎಲ್ಲರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಮೊದಲು ಪ್ರತಿಯೊಬ್ಬರ ಒಪ್ಪಿಗೆ ಪಡೆಯಿರಿ. ಹಣ ಯುಪಿಐನಲ್ಲಿ ಸೇರಿಸಿದರೆ ಬ್ಯಾಂಕಿನಲ್ಲಿರುವ ಹೆಸರು ಎರಡೂ ಕಡೆ ತೋರುತ್ತದೆ. ಹಣ ನೋಡಿಕೊಳ್ಳುವವರು ಅದಕ್ಕೆ ಸಿದ್ಧರಿರಬೇಕು, ಕೊಡುವವರಿಗೂ ಮೊದಲೇ ತಿಳಿಸಬೇಕು. ಹೊರಗಿನವರಿಂದ ದೇಣಿಗೆ ಬೇಡ, ಗುಂಪು ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕು ಎಂಬುದು ಹನ್ನೆರಡು ಹೆಜ್ಜೆಯ ಗುಂಪುಗಳು ಪಾಲಿಸುವ ಸಂಪ್ರದಾಯಗಳಲ್ಲಿ ಏಳನೆಯದು. ಆ ತಿಂಗಳು ಕೊಡಲಾಗದವರು ಕೊಡಬೇಕಿಲ್ಲ.

ಕಾಲುದಾರಿ
ಅರವತ್ತು ನಿಮಿಷದ ಹಂಚಿಕೆ: ಸ್ವಾಗತ ಮತ್ತು ಓದು ಎಂಟು, ನಡೆಸುವವರ ಮಾತು ಹನ್ನೆರಡು, ಉಳಿದ ಎಂಟು ಜನಕ್ಕೆ ತಲಾ ನಾಲ್ಕರಂತೆ ಮೂವತ್ತೆರಡು, ಪ್ರಕಟಣೆ ಮತ್ತು ಮುಕ್ತಾಯ ಎಂಟು. ಹೊಸಬರು ಬಂದರೆ ತಲಾ ಮೂರಕ್ಕೆ ಇಳಿಸಿ. ಒಬ್ಬರು ಮಾತಾಡಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವಂತಿಲ್ಲ, ಸಲಹೆ ಬೇಕಾದವರು ಮುಗಿದ ಮೇಲೆ ಕೇಳಲಿ. ತಿಂಡಿಗಳ ಹೆಸರು, ತೂಕದ ಅಂಕಿ ಬೇಡ. ‘ಬೇಕರಿ’ ಎಂಬ ಒಂದು ಪದ ಸಾಕು, ಕೇಳುವವರಲ್ಲಿ ಇಬ್ಬರ ಮನಸ್ಸು ಅಲ್ಲೇ ನಿಂತುಬಿಡುತ್ತದೆ.

ಹೊಂಗೆ_ನೆರಳು
ಕೊನೆಯದಾಗಿ ಒಂದು. ಬಾಗಿಲು ತೆರೆಯುವ ಕೆಲಸದವರೇ ಹದ ತಪ್ಪಿದರೆ? ಕೆಲಸ ಬಿಡಿಸಬೇಕೇ?

ತುಂಗೆ_ತಟ
ಬಿಡಿಸಬೇಡಿ. ಆ ವಾರ ಅವರು ಬರಲು ಉಳಿದಿರುವ ಒಂದೇ ಕಾರಣ ಆ ಕೆಲಸ ಆಗಿರಬಹುದು. ಮೀಟಿಂಗಿಗೆ ಒಂದು ಗಂಟೆ ಮೊದಲು ಇನ್ನೊಬ್ಬರು ಕರೆ ಮಾಡಿ ‘ಇವತ್ತು ನೀವೇ ತೆರೆಯುತ್ತೀರಿ ತಾನೆ?’ ಎಂದು ಕೇಳಿ. ತೆರೆಯಲಾಗದು ಎಂದರೆ ಆ ದಿನಕ್ಕೆ ಮಾತ್ರ ಬದಲಿ ಕೊಟ್ಟು, ಮುಂದಿನ ವಾರಕ್ಕೆ ಅವರ ಹೆಸರನ್ನೇ ಉಳಿಸಿ. ಇದಕ್ಕಾಗಿ ಜೂಮ್ ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ.